ಮಳೆಯ ಲೆಕ್ಕ ತಾಳೆ ನೋಡುವುದು

2005ನೇ ಇಸವಿ ಜುಲೈ 26. ಮರುದಿನ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ತಾಸುಗಳಲ್ಲಿ ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ ಬಿದ್ದ ಮಳೆ 944 ಮಿಲಿಮೀಟರು. ಅದೇ 24 ತಾಸಿಗೆ ಕೊಲಾಬಾದಲ್ಲಿ ಬಿದ್ದದ್ದು 73. ಎರಡರ ನಡುವೆ ಇರುವುದು 25 ಕಿಲೋಮೀಟರಿನಷ್ಟು ದೂರ. ಚರ್ಚ್‌ಗೇಟಿನಲ್ಲಿ ಸ್ಲೋ ಲೋಕಲ್ ಹತ್ತಿದವನು ಒಂದು ನಿದ್ದೆ ಮುಗಿಸುವಷ್ಟರಲ್ಲಿ ಮುಗಿಯುವ ದಾರಿ. ವಿಹಾರ ಕೆರೆಯ ಬಳಿಯಂತೂ ಸಾವಿರ ಮಿಲಿಮೀಟರು ದಾಟಿತ್ತು. ನಮ್ಮೂರಿನ ಕಡೆಯ ಲೆಕ್ಕದಲ್ಲಿ ಅದು ಪುಷ್ಯ ಮಳೆ. ಕರಾವಳಿಯಿಂದ ಬಂದ ನಮ್ಮ ಹಿರಿಯರಿಗೆ ಪುಷ್ಯ ಮಳೆ ಹೊಸದಲ್ಲ, ಆದರೆ ಇಂಥದ್ದನ್ನು ಅವರೂ ಕಂಡಿರಲಿಲ್ಲ. ಮುಂಬಯಿಯಲ್ಲಿ ನೂರಾರು ಜನ ಸತ್ತರು. ಮಿಠಿ ನದಿ ಎಂಬುದೊಂದು ಈ ಊರಿನಲ್ಲಿದೆ ಎಂದು ಅನೇಕರಿಗೆ ಗೊತ್ತಾದದ್ದೇ ಆ ದಿನ.

ನಾನು ಇಲ್ಲಿ ಆ ದಿನದ ಸಂಕಟದ ಕಥೆ ಬರೆಯುವುದಿಲ್ಲ. ಅದನ್ನು ಬಲ್ಲವರು ನಮ್ಮ ಕೂಟದಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಪ್ರಶ್ನೆ ಬೇರೆ. 944 ಮತ್ತು 73 ಎಂಬ ಎರಡು ಅಂಕಿಗಳನ್ನು ನಾವು ಹೇಗೆ ನಂಬುತ್ತೇವೆ? ಒಂದೇ ಊರಿನಲ್ಲಿ ಒಂದೇ ದಿನ ಹದಿಮೂರು ಪಟ್ಟು ವ್ಯತ್ಯಾಸ ಅಂದ್ರೆ, ಯಾವನಾದರೂ ಕಿರಾಣಿ ಅಂಗಡಿಯವನು "ನಿಮ್ಮ ತಕ್ಕಡಿಯಲ್ಲೇ ಏನೋ ಐಬು ಇದೆ ಸ್ವಾಮಿ" ಅಂದಾನು. ಹಾಗೆನ್ನಲು ಆಗದೆ ಹೋದದ್ದು ಏಕೆಂದರೆ ಎರಡೂ ಕಡೆ ಒಂದೇ ಮಾದರಿಯ ಮಾಪಕ, ಒಂದೇ ಕ್ರಮ, ಒಂದೇ ಹೊತ್ತು, ಮತ್ತು ಎರಡನ್ನೂ ಯಾರೋ ಮೊದಲೇ ತಾಳೆ ನೋಡಿ ಇಟ್ಟಿದ್ದರು. ಆ ತಾಳೆ ನೋಡುವ ಕೆಲಸವೇ ಈ ಲೇಖನದ ವಿಷಯ.

ಪಾರಿಭಾಷಿಕ ನಿಘಂಟು ಇದನ್ನು 'ಮಾಪನಾಂಕ ನಿರ್ಣಯ' ಎನ್ನುತ್ತದೆ. ಒಳ್ಳೆಯ ಶಬ್ದವೇ, ಆದರೆ ಬಾಯಿಗೆ ಬರುವುದಿಲ್ಲ. ಪ್ರಯೋಗಶಾಲೆಯಲ್ಲಿ ನಾವೆಲ್ಲ 'ಕ್ಯಾಲಿಬ್ರೇಶನ್' ಎಂದೇ ಅನ್ನುತ್ತೇವೆ. ಅಂಗಡಿಯವರಲ್ಲಿ ಅದಕ್ಕಿಂತ ಹಳೆಯ ಮಾತು ಇದೆ: ತೂಕದ ಬಟ್ಟಿಗೆ ಮುದ್ರೆ ಹೊಡೆಸುವುದು, ಲೆಕ್ಕ ತಾಳೆ ಹಾಕುವುದು. ಗೊತ್ತಿರುವುದರ ಪಕ್ಕದಲ್ಲಿ ಗೊತ್ತಿಲ್ಲದ್ದನ್ನು ಇಟ್ಟು ಎಷ್ಟು ಹೆಚ್ಚುಕಡಮೆ ಎಂದು ಬರೆದಿಡುವುದು, ಇಷ್ಟೇ ಇದರ ಅರ್ಥ. ಅದಕ್ಕೆ ನಾನು 'ತಾಳೆ' ಎಂಬ ಪದವನ್ನೇ ಬಳಸುತ್ತೇನೆ, ಭಾಷಾಶಾಸ್ತ್ರದ ಗೆಳೆಯರು ಕ್ಷಮಿಸಬೇಕು.

ಮಳೆ ಅಳೆಯುವುದು ನಮ್ಮಲ್ಲಿ ಹೊಸ ವಿದ್ಯೆ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಅಧಿಕಾರಿ ಒಂದು ಅರತ್ನಿ ಅಗಲದ ಬಾಯುಳ್ಳ ಪಾತ್ರೆಯನ್ನು ಮಳೆ ಅಳೆಯಲೆಂದು ಇಡಬೇಕೆಂಬ ವಿಧಿ ಇದೆ. ಗಮನಿಸಿ, ಪಾತ್ರೆ ಇಡಿ ಎಂದಷ್ಟೇ ಹೇಳಿಲ್ಲ, ಬಾಯಿಯ ಅಗಲ ಹೇಳಿದೆ. ಅಗಲ ಗೊತ್ತಿಲ್ಲದ ಪಾತ್ರೆಯಲ್ಲಿ ನೀರು ಎಷ್ಟು ಸೇರಿದರೂ ಮಳೆ ಎಷ್ಟೆಂದು ಹೇಳಲಾಗದು.

ಈಗಿನ ಸಾಮಾನ್ಯ ಮಳೆಮಾಪಕದಲ್ಲೂ ತತ್ವ ಅದೇ. ಹವಾಮಾನ ಇಲಾಖೆಯ ಒಂದು ಬಗೆಯ ಮಾಪಕದ ಬಾಯಿ 200 ಚದರ ಸೆಂಟಿಮೀಟರು. ಒಂದು ಮಿಲಿಮೀಟರು ಮಳೆ ಬಂದರೆ ಒಳಗಿನ ಬಾಟಲಿಯಲ್ಲಿ 20 ಮಿಲಿಲೀಟರು ನೀರು. ಬೆಳಿಗ್ಗೆ ಎಂಟೂವರೆಗೆ ಒಬ್ಬ ಮನುಷ್ಯ ಬಂದು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಪುಸ್ತಕದಲ್ಲಿ ಬರೆಯುತ್ತಾನೆ. ಇದರಲ್ಲಿ ಕೆಡುವಂಥದ್ದು ಬಹಳ ಕಡಿಮೆ. ಆದರೆ ಒಂದೇ ಕೊರತೆ: ನಿನ್ನೆ ಎಷ್ಟು ಬಂತು ಎಂದು ಹೇಳುತ್ತದೆ, ಎಷ್ಟು ಹೊತ್ತಿಗೆ ಬಂತು ಎಂದು ಹೇಳುವುದಿಲ್ಲ. 944 ಮಿಲಿಮೀಟರು ಇಡೀ ದಿನ ಸಮನಾಗಿ ಬಿದ್ದಿದ್ದರೆ ತಾಸಿಗೆ ಸುಮಾರು 39 ಆಗುತ್ತಿತ್ತು. ಹಾಗೆ ಬೀಳಲಿಲ್ಲ. ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯ ಒಂದೇ ತಾಸಿನಲ್ಲಿ ಸಾಂತಾಕ್ರೂಜಿನಲ್ಲಿ 190 ಮಿಲಿಮೀಟರು. ಸಮುದ್ರದಲ್ಲಿ ಭರತವೂ ಅದೇ ಹೊತ್ತಿಗೆ. ಮುಂಬಯಿಯ ಹಳೆಯ ಮಳೆನೀರು ಚರಂಡಿಗಳನ್ನು ಲೆಕ್ಕ ಹಾಕಿದ್ದು ತಾಸಿಗೆ 25 ಮಿಲಿಮೀಟರಿಗೆ, ಅದೂ ಸಮುದ್ರ ಇಳಿತದಲ್ಲಿದ್ದಾಗ. 1993ರ ಬ್ರಿಮ್‌ಸ್ಟೊವ್ಯಾಡ್ ಯೋಜನೆ ಅದನ್ನು 50ಕ್ಕೆ ಏರಿಸಲು ಹೇಳಿತು. ಹೀಗೆ ಊರಿನ ಹಣೆಬರಹ ಇರುವುದು ದಿನದ ಲೆಕ್ಕದಲ್ಲಲ್ಲ, ತಾಸಿನ ಲೆಕ್ಕದಲ್ಲಿ, ಕಾಲು ತಾಸಿನ ಲೆಕ್ಕದಲ್ಲಿ. ಆ ಪ್ರವಾಹದ ನಂತರ ನಗರಪಾಲಿಕೆ ಅಗ್ನಿಶಾಮಕ ಕೇಂದ್ರಗಳ ಮೇಲೆ, ತನ್ನ ಬೇರೆ ಕಟ್ಟಡಗಳ ಮೇಲೆ ಹತ್ತಾರು ಸ್ವಯಂಚಾಲಿತ ಮಾಪಕಗಳನ್ನು ಕೂರಿಸಿದ್ದು ಇದಕ್ಕಾಗಿಯೇ.

ಸ್ವಯಂಚಾಲಿತ ಮಾಪಕದ ಒಳಗೆ ಏನಿರುತ್ತದೆ? ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಹುಡುಗರು ಕೂಡಿ ಒಂದನ್ನು ಕಟ್ಟಿದ್ದಾರೆ, ಅದನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ. ಮೇಲೊಂದು ಆಲಿಕೆ, ಬಾಯಿ 20 ಸೆಂಟಿಮೀಟರು ಅಗಲ. ಆಲಿಕೆಯ ಕೆಳಗೆ ಮಕ್ಕಳ ಉದ್ಯಾನದ ಸೀಸಾ ಹಲಗೆಯ ಹಾಗೆ ನಡುವೆ ಮೊಳೆಯ ಮೇಲೆ ನಿಂತ ಜೋಡಿ ಬಟ್ಟಲು. ಒಂದು ಬಟ್ಟಲು ತುಂಬಿದ ಕೂಡಲೇ ಅದು ಭಾರಕ್ಕೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬಂದು ಆಲಿಕೆಯ ಕೆಳಗೆ ನಿಲ್ಲುತ್ತದೆ. ಹಲಗೆಗೆ ಒಂದು ಪುಟ್ಟ ಅಯಸ್ಕಾಂತ, ಎದುರಿಗೆ ರೀಡ್ ಸ್ವಿಚ್ಚು. ಪ್ರತಿ ಸಾರಿ ಮಗುಚಿದಾಗ ಸ್ವಿಚ್ಚು ಒಮ್ಮೆ ಕೂಡಿ ಬಿಡುತ್ತದೆ. ಲಾಗರ್ ಎನ್ನುವ ಪೆಟ್ಟಿಗೆ (ಒಂದು ಮೈಕ್ರೋಕಂಟ್ರೋಲರು, ಒಂದು ಗಡಿಯಾರದ ಚಿಪ್ಪು, ಒಂದು ನೆನಪಿನ ಕಾರ್ಡು) ಆ ಹೊತ್ತನ್ನು ಬರೆದಿಡುತ್ತದೆ. ಒಂದು ಮಗುಚು ಎಂದರೆ 0.2 ಮಿಲಿಮೀಟರು ಮಳೆ ಎಂಬುದು ನಮ್ಮ ಗುರಿ.

ನಾನು ಇದನ್ನು ಒಂದು ದಿನ ಚೀಲದಲ್ಲಿ ಹಾಕಿಕೊಂಡು ಹೋಗುವಾಗ ನಮ್ಮ ಕಟ್ಟಡದ ಕೆಳಗಿನ ಉಡುಪಿ ಹೋಟೆಲಿನ ಯಜಮಾನರು ಕಂಡು, "ಎಂತದ್ದು ಮಾಷ್ಟ್ರೇ ಅದು?" ಎಂದು ಕೇಳಿದರು. ಹೇಳಿದೆ. "ಮಳೆ ಎಣಿಸುವ ಮಿಶಿನಾ! ಅದು ಸರಿಯಾಗಿ ಎಣಿಸ್ತದೆ ಅಂತ ನಿಮಗೆ ಹೇಗೆ ಗೊತ್ತು? ನಮ್ಮ ಹಾಲಿನವನ ಲೀಟರಿನ ಹಾಗೆ ಆಗ್ಬಾರ್ದಲ್ಲ" ಅಂದರು. ಇಡೀ ವಿಷಯ ಆ ಒಂದು ಮಾತಿನಲ್ಲಿದೆ. ಹಾಲಿನವನ ಲೀಟರನ್ನು ಅವರು ಹೇಗೆ ಪರೀಕ್ಷಿಸುತ್ತಾರೋ ನಾವೂ ಹಾಗೆಯೇ ಪರೀಕ್ಷಿಸಬೇಕು: ಗೊತ್ತಿರುವ ಒಂದು ಲೀಟರು ಸುರಿದು ನೋಡಬೇಕು.

ಲೆಕ್ಕ ಸರಳ. 20 ಸೆಂಟಿಮೀಟರು ಅಗಲದ ವೃತ್ತದ ಕ್ಷೇತ್ರಫಲ 314 ಚದರ ಸೆಂಟಿಮೀಟರು. ಅದರ ಮೇಲೆ 0.2 ಮಿಲಿಮೀಟರು ನೀರು ನಿಂತರೆ 6.28 ಮಿಲಿಲೀಟರು. ಆದ್ದರಿಂದ ಒಂದೊಂದು ಬಟ್ಟಲೂ 6.28 ಮಿಲಿಲೀಟರಿಗೆ ಮಗುಚಬೇಕು. ಒಂದು ಲೀಟರು ನೀರು ಎಂದರೆ 31.8 ಮಿಲಿಮೀಟರು ಮಳೆ, 159 ಮಗುಚು.

ಮೊದಲು ಬ್ಯೂರೆಟ್ಟಿನಿಂದ ಒಂದೊಂದೇ ಹನಿ ಬಿಟ್ಟು ಎಡ ಬಟ್ಟಲು ಎಷ್ಟಕ್ಕೆ ಮಗುಚಿತು, ಬಲ ಬಟ್ಟಲು ಎಷ್ಟಕ್ಕೆ ಮಗುಚಿತು ಎಂದು ಬೇರೆ ಬೇರೆ ಬರೆಯಬೇಕು. ಬಟ್ಟಲು ಒಣಗಿರುವಾಗ ಮೊದಲ ಒಂದೆರಡು ಸಾರಿ ನೀರು ಗೋಡೆಗೆ ಅಂಟಿ ಲೆಕ್ಕ ಬೇರೆ ಬರುತ್ತದೆ, ಅವನ್ನು ಬಿಟ್ಟುಬಿಡಬೇಕು. ಬಟ್ಟಲಿನ ಕೆಳಗೆ ಎರಡು ಕಡೆಯೂ ಒಂದೊಂದು ತಡೆತಿರುಪು ಇರುತ್ತದೆ. ಎಡದ ತಿರುಪನ್ನು ಮುಟ್ಟಿದರೆ ಹಲಗೆ ನಿಲ್ಲುವ ಓರೆ ಬದಲಾಗಿ ಸರಿಯುವುದು ಬಲ ಬಟ್ಟಲಿನ ಲೆಕ್ಕ. ಹಾರ್ಮೋನಿಯಂ ರಿಪೇರಿ ಮಾಡುವವರಿಗೆ ಇರುವಷ್ಟು ತಾಳ್ಮೆ ಬೇಕು. ಪೆಟ್ಟಿಗೆ ಸಮತಲದಲ್ಲಿ ಕೂತಿರಬೇಕೆಂಬುದು ಬೇರೆ ಹೇಳಬೇಕಾಗಿಲ್ಲ. ಕೂತಿಲ್ಲವಾದರೆ ಈ ಶ್ರಮವೆಲ್ಲ ಅರಬ್ಬೀ ಸಮುದ್ರದಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಒಂದು ಲೀಟರನ್ನು ನಿಧಾನವಾಗಿ ಸುರಿದರು, 159 ಎಣಿಸಿದರು, 'ಸರಿ ಇದೆ' ಎಂದು ಚೀಟಿ ಅಂಟಿಸಿದರು. ಜರಿಮಳೆಯ ಊರಿಗೆ ಇಷ್ಟು ಸಾಕಾದೀತು. ಮುಂಬಯಿಗೆ ಸಾಲದು, ಆಗುಂಬೆಗಂತೂ ಸಾಲದು.

ಯಾಕೆಂದರೆ ಬಟ್ಟಲು ಕಣ್ಣು ಮಿಟುಕಿಸುವಷ್ಟರಲ್ಲಿ ಮಗುಚುವುದಿಲ್ಲ. ಅದಕ್ಕೂ ಹೊತ್ತು ಬೇಕು. ತುಂಬಿದ ಬಟ್ಟಲು ಹೊರಳಲು ತೊಡಗಿದ ಮೇಲೂ, ನಡುಗೋಡೆ ಧಾರೆಯನ್ನು ದಾಟುವವರೆಗೆ, ಮೇಲಿನಿಂದ ಬರುವ ನೀರು ಅದೇ ಬಟ್ಟಲಿಗೆ ಬೀಳುತ್ತಲೇ ಇರುತ್ತದೆ. ಆ ನೀರು ಲೆಕ್ಕಕ್ಕೆ ಬರುವುದಿಲ್ಲ, ಸುಮ್ಮನೆ ಚೆಲ್ಲಿಹೋಗುತ್ತದೆ. ಆ ಹೊತ್ತು 0.3 ಸೆಕೆಂಡು ಎಂದು ಹಿಡಿಯೋಣ. ತಾಸಿಗೆ 25 ಮಿಲಿಮೀಟರಿನ ಮಳೆಯಲ್ಲಿ ಆಲಿಕೆಯಿಂದ ಸೆಕೆಂಡಿಗೆ 0.22 ಮಿಲಿಲೀಟರು ಇಳಿಯುತ್ತದೆ, 0.3 ಸೆಕೆಂಡಿನಲ್ಲಿ ತಪ್ಪಿಹೋಗುವುದು 0.07 ಮಿಲಿಲೀಟರು, 6.28ರಲ್ಲಿ ನೂರಕ್ಕೆ ಒಂದು. ಯಾರೂ ಗಮನಿಸುವುದಿಲ್ಲ. 50ರ ಮಳೆಗೆ ನೂರಕ್ಕೆ ಎರಡು. 100ಕ್ಕೆ ನಾಲ್ಕು. 200 ಮಿಲಿಮೀಟರಿನ ಮಳೆಯಲ್ಲಿ ಧಾರೆ ಸೆಕೆಂಡಿಗೆ 1.75 ಮಿಲಿಲೀಟರು, ಪ್ರತಿ ಮಗುಚಿಗೂ 0.52 ಮಿಲಿಲೀಟರು ಪುಕ್ಕಟೆ. ಅಂದರೆ ಬಟ್ಟಲು 6.28ಕ್ಕೆ ಬದಲು 6.80 ಮಿಲಿಲೀಟರು ಹೊತ್ತು ಮಗುಚುತ್ತದೆ, ಒಂದು ಲೀಟರಿಗೆ 159ಕ್ಕೆ ಬದಲು 147 ಎಣಿಸುತ್ತದೆ. ನೂರಕ್ಕೆ ಸುಮಾರು ಎಂಟು ಪಾಲು ಮಳೆ ಮಾಯ!

ಇದರ ಕುಹಕ ನೋಡಿ. ಮಳೆ ಎಷ್ಟು ಅಪಾಯದ್ದೋ ಯಂತ್ರ ಅಷ್ಟು ಕಡಿಮೆ ಹೇಳುತ್ತದೆ. ಜಿನುಗು ಮಳೆಯಲ್ಲಿ ಹರಿಶ್ಚಂದ್ರ, ಜಡಿಮಳೆಯಲ್ಲಿ ಸುಳ್ಳುಗಾರ. ಈ ಅಂಕಿಗಳನ್ನೇ ಹಿಡಿದು ಇಂಜಿನಿಯರರು ಮುಂದಿನ ಚರಂಡಿಯ ಅಗಲ ನಿಶ್ಚಯಿಸುತ್ತಾರೆ, ಪಂಪುಗಳ ಶಕ್ತಿ ನಿಶ್ಚಯಿಸುತ್ತಾರೆ, ಯಾವ ಗಳಿಗೆಯಲ್ಲಿ ಎಚ್ಚರಿಕೆ ಕೊಡಬೇಕೆಂದು ನಿಶ್ಚಯಿಸುತ್ತಾರೆ. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಎಂದರೆ ಹತ್ತು ಲಕ್ಷ ಲೀಟರು ನೀರು. ತಾಸಿಗೆ 190ರ ಮಳೆಯಲ್ಲಿ ಇಂಥ ಮಾಪಕ ಹದಿನಾಲ್ಕು ಮಿಲಿಮೀಟರಿನಷ್ಟು ನುಂಗಿದರೆ ಚದರ ಕಿಲೋಮೀಟರಿಗೆ ಒಂದೂವರೆ ಕೋಟಿ ಲೀಟರಿನಷ್ಟು ನೀರು ಕಾಗದದ ಮೇಲೆ ಇಲ್ಲ, ಕುರ್ಲಾದ ಮನೆಗಳ ಒಳಗೆ ಇದೆ.

ಆದ ಕಾರಣ ತಾಳೆ ನೋಡುವಾಗ ಒಂದೇ ವೇಗದಲ್ಲಿ ಸುರಿದರೆ ಆಗದು. ಜಿನುಗಿನಿಂದ ಜಡಿಯವರೆಗೆ ನಾಲ್ಕೈದು ವೇಗಗಳಲ್ಲಿ ಸುರಿಯಬೇಕು. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಪಂಪು ಇರುತ್ತದೆ. ನಮಗೆ ಔಷಧಿ ಅಂಗಡಿಯ ಸಲೈನ್ ಸೆಟ್ಟು ಸಾಕು. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿಲಿಲೀಟರು. ಚಕ್ರ ತಿರುಗಿಸಿ ಹನಿ ಹೆಚ್ಚು ಕಡಿಮೆ ಮಾಡಬಹುದು. ಆದರೆ ಬಾಟಲಿ ಖಾಲಿಯಾಗುತ್ತ ಬಂದಂತೆ ನೀರಿನ ಮಟ್ಟ ಇಳಿದು ಧಾರೆಯೂ ಕುಗ್ಗುತ್ತದೆ. ಅದಕ್ಕೆ ಪರಿಹಾರ ಪಿಯುಸಿ ಪುಸ್ತಕದ ಮೂಲೆಯಲ್ಲಿರುವ ಮಾರಿಯಟ್ ಬಾಟಲಿ: ಬಿಗಿಯಾದ ಬಿರಡೆಯ ಮೂಲಕ ಒಂದು ಗಾಜಿನ ನಳಿಗೆಯನ್ನು ತಳದ ಹತ್ತಿರದವರೆಗೆ ಇಳಿಸಿದರೆ ಗಾಳಿ ಆ ನಳಿಗೆಯ ತುದಿಯಿಂದಲೇ ಒಳಕ್ಕೆ ಬರುತ್ತದೆ, ಮೇಲಿನ ನೀರು ಎಷ್ಟಿದ್ದರೂ ಒತ್ತಡ ಒಂದೇ ಸಮ. ಹುಡುಗರಿಗೆ ಪರೀಕ್ಷೆಗೆ ಬರೆಯುವಾಗ ಅರ್ಥವಾಗದಿದ್ದದ್ದು ಇಲ್ಲಿ ಹನಿ ಎಣಿಸುವಾಗ ಅರ್ಥವಾಯಿತು. ಜಡಿಮಳೆಯ ವೇಗಕ್ಕೆ ಸಲೈನ್ ಸೆಟ್ಟು ಸಾಲದು. 200 ಮಿಲಿಮೀಟರಿಗೆ ನಿಮಿಷಕ್ಕೆ 105 ಮಿಲಿಲೀಟರು ಬೇಕು. ಅಲ್ಲಿ ಸೆಟ್ಟನ್ನು ತೆಗೆದು ಅಕ್ವೇರಿಯಂ ಅಂಗಡಿಯ ಸಣ್ಣ ಕೊಳವೆ ಹಾಕಬೇಕು.

ಪ್ರತಿ ವೇಗಕ್ಕೂ ಸುರಿದದ್ದೆಷ್ಟು, ಎಣಿಸಿದ್ದೆಷ್ಟು ಎಂದು ಗ್ರಾಫ್ ಕಾಗದದಲ್ಲಿ ಹಾಕಿದರೆ ಒಂದು ಗೆರೆ ಬರುತ್ತದೆ. ಮೊದಲು ನೇರ, ಆಮೇಲೆ ಮೆಲ್ಲಗೆ ಬಾಗುವ ಗೆರೆ. ಅಲ್ಲಿಂದ ತಿದ್ದುಪಡಿ ಸೂತ್ರ ಕಷ್ಟದ್ದಲ್ಲ. ಸೆಕೆಂಡಿಗೆ ಎಷ್ಟು ಮಗುಚು ಎಂಬುದನ್ನು ಕಳೆದುಹೋದ ಹೊತ್ತಿನಿಂದ (ನಮ್ಮ ಉದಾಹರಣೆಯಲ್ಲಿ 0.3) ಗುಣಿಸಿ, ಬಂದದ್ದನ್ನು ಒಂದರಿಂದ ಕಳೆಯಿರಿ, ಯಂತ್ರ ಹೇಳಿದ ಮಳೆಯನ್ನು ಅದರಿಂದ ಭಾಗಿಸಿ. ಅದೇ ನಿಜವಾದ ಮಳೆ. ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಇದು ಎಲ್ಲೋ ಕಂಡ ಮುಖ ಅನ್ನಿಸಿದರೆ ಆಶ್ಚರ್ಯವಿಲ್ಲ. ವಿಕಿರಣ ಎಣಿಸುವ ಗೈಗರ್ ಕೌಂಟರಿಗೆ ಹಾಕುವ ತಿದ್ದುಪಡಿ ಇದುವೇ. ಅಲ್ಲಿ ಒಂದು ಕಣವನ್ನು ಎಣಿಸಿದ ಮೇಲೆ ಕ್ಷಣಕಾಲ ಕೌಂಟರು ಕುರುಡಾಗುತ್ತದೆ. ಇಲ್ಲಿ ಒಂದು ಬಟ್ಟಲನ್ನು ಎಣಿಸುವಾಗ ಮಾಪಕ ಕುರುಡಾಗುತ್ತದೆ. ಟ್ರಾಂಬೆಯ ಪರಮಾಣು ಕೇಂದ್ರದವರ ಲೆಕ್ಕವೂ ಅಗ್ನಿಶಾಮಕ ಕೇಂದ್ರದ ಗಚ್ಚಿನ ಮೇಲಿನ ಲೆಕ್ಕವೂ ಒಂದೇ ಸೂತ್ರ ಎನ್ನುವುದು ನನಗಂತೂ ಬಹಳ ಸೊಗಸಾಗಿ ಕಂಡಿತು.

ಇನ್ನೊಂದು ಕಳ್ಳ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತಾನೆ. ರೀಡ್ ಸ್ವಿಚ್ಚಿನ ನಾಲಿಗೆಗಳು ಕೂಡುವಾಗ ಒಮ್ಮೆ ಕೂಡಿ ಸುಮ್ಮನಿರುವುದಿಲ್ಲ, ಹಲ್ಲು ಕಡಿದ ಹಾಗೆ ಮೂರು ನಾಲ್ಕು ಸಾರಿ ತಟಪಟ ಎನ್ನುತ್ತವೆ. ಲಾಗರು ಚುರುಕಾಗಿದ್ದರೆ ಒಂದನ್ನು ನಾಲ್ಕೆಂದು ಬರೆದೀತು. ಆದ್ದರಿಂದ ಒಂದು ತಟ್ಟು ಕೇಳಿದ ಮೇಲೆ ಹತ್ತನೇ ಒಂದು ಸೆಕೆಂಡು ಕಿವಿ ಮುಚ್ಚಿಕೋ ಎಂದು ಅದಕ್ಕೆ ಹೇಳಿಕೊಡಬೇಕು. ಹೇಳದೆ ಬಿಟ್ಟರೆ ಒಂದು ತಮಾಷೆ ನಡೆಯುವುದುಂಟು: ಜಡಿಮಳೆಯಲ್ಲಿ ಬಟ್ಟಲು ಕಡಿಮೆ ಎಣಿಸುತ್ತದೆ, ಸ್ವಿಚ್ಚು ಹೆಚ್ಚು ಎಣಿಸುತ್ತದೆ, ಎರಡೂ ಸೇರಿ ಮೊತ್ತ ಸರಿಯಾಗಿ ಕಾಣುತ್ತದೆ. ಮೊತ್ತ ಮಾತ್ರ ತಾಳೆ ನೋಡುವವನು ಮೋಸಹೋಗುವುದು ಇಲ್ಲಿ. ಆದ್ದರಿಂದಲೇ ಕಣ್ಣಿನಿಂದ ಎಣಿಸಿದ ಮಗುಚು, ಲಾಗರು ಬರೆದ ಮಗುಚು, ಸುರಿದ ನೀರು ಈ ಮೂರನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಬೇಕು.

ಉಳಿದ ಸಂವೇದಕಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಉಷ್ಣತೆಗೆ ಕರಗುತ್ತಿರುವ ಮಂಜುಗಡ್ಡೆ ಎಲ್ಲರಿಗೂ ಸಿಗುವ ಗುರು: ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿಮಾಡಿ, ಅದೇ ನೀರಿನಲ್ಲಿ ಕಲಸಿ, ಥರ್ಮಾಸಿನಲ್ಲಿಟ್ಟರೆ ಸೊನ್ನೆ ಡಿಗ್ರಿ. ಕಬ್ಬಿನ ಹಾಲಿನ ಗಾಡಿಯವನ ಬರ್ಫ್ ಬೇಡ, ಅದರಲ್ಲಿ ಏನೇನಿದೆಯೋ. ಕುದಿಯುವ ನೀರು ಮುಂಬಯಿಯಲ್ಲಿ ನೂರಕ್ಕೆ ಹತ್ತಿರ. ಮಳೆಗಾಲದಲ್ಲಿ ಗಾಳಿಯ ಒತ್ತಡ ಇಳಿದಾಗ 99.6 ಆದೀತು. ಬೆಂಗಳೂರಿನ ನೆಂಟರು ಅಲ್ಲಿ ಮಾಡಿ ನೋಡಿದರೆ ಸುಮಾರು 97ಕ್ಕೇ ಕುದಿಯುತ್ತದೆ, ಯಂತ್ರ ಕೆಟ್ಟಿದೆ ಎಂದು ತಿಳಿಯಬಾರದು. ಆದರೆ ನಾವು ಅಳೆಯುವ ಗಾಳಿ 20ರಿಂದ 40ರ ನಡುವೆ ಇರುವುದರಿಂದ ಆ ನಡುವೆಯೇ ಒಳ್ಳೆಯ ಥರ್ಮಾಮೀಟರಿನ ಜೊತೆ ಒಂದೇ ಬಕೇಟಿನಲ್ಲಿ ಅದ್ದಿ ನೋಡುವುದು ಮೇಲು. ತೇವಾಂಶಕ್ಕೆ ಅಡುಗೆಮನೆಯ ಉಪ್ಪು ಸಾಕು: ಒದ್ದೆ ಉಪ್ಪಿನ ಮುದ್ದೆಯನ್ನು ಒಂದು ಮುಚ್ಚಿದ ಡಬ್ಬಿಯಲ್ಲಿಟ್ಟು ಮೇಲೆ ಸಂವೇದಕ ತೂಗಿಬಿಟ್ಟು ಒಂದು ದಿನ ಕಾದರೆ ಒಳಗಿನ ಗಾಳಿಯ ತೇವಾಂಶ ನೂರಕ್ಕೆ 75ರಲ್ಲಿ ನಿಲ್ಲುತ್ತದೆ. ಪೊಟ್ಯಾಶಿಯಂ ಕ್ಲೋರೈಡು ಇಟ್ಟರೆ 84ರ ಆಸುಪಾಸು. ನಮ್ಮ ಜುಲೈಗೆ ಅದು ಹೆಚ್ಚು ಉಪಯೋಗದ್ದು. ಒತ್ತಡದ ಸಂವೇದಕವನ್ನು ತಾಳೆ ನೋಡುವಾಗ ಎಷ್ಟನೇ ಮಾಳಿಗೆ ಎಂದು ಬರೆದಿಡಿ; ಎಂಟೂವರೆ ಮೀಟರು ಮೇಲೆ ಹೋದರೆ ಒಂದು ಮಿಲಿಬಾರು ಇಳಿಯುತ್ತದೆ.

ತಾಳೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಮೇ 29ರಂದು ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ಎಂದು ಬರೆಯಿತು. ಜಗತ್ತಿನ ಪತ್ರಿಕೆಗಳೆಲ್ಲ ಬಾಯಿ ಬಡಿದುಕೊಂಡವು. ಹವಾಮಾನ ಇಲಾಖೆ ಪ್ರಮಾಣಿತ ಉಪಕರಣವನ್ನು ಪಕ್ಕದಲ್ಲಿಟ್ಟು ಪರೀಕ್ಷಿಸಿ, ಸಂವೇದಕ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು ಎಂದು ತಿಳಿಸಿತು. ಮೂರು ಡಿಗ್ರಿ ಕಳೆದರೂ ಅದು ಸುಡುಬಿಸಿಲೇ, ಆದರೆ ದಾಖಲೆ ದಾಖಲೆಯಲ್ಲ.

ಈ 'ಪಕ್ಕದಲ್ಲಿಟ್ಟು ನೋಡುವ' ಕ್ರಮದ ಬಹು ದೊಡ್ಡ ಉದಾಹರಣೆ ಇರುವುದು ನಮ್ಮ ಮುಂಬಯಿಯಲ್ಲೇ, ಮತ್ತು ಅದು ಒಂದು ಶತಮಾನಕ್ಕೂ ಹಿಂದಿನದು. ಕೊಲಾಬಾದ ವೀಕ್ಷಣಾಲಯ ಕಂಪನಿ ಸರಕಾರದ ಕಾಲದ್ದು, 1826ರದ್ದು. ಅಲ್ಲಿ 1841ರಿಂದ ಭೂಮಿಯ ಅಯಸ್ಕಾಂತತೆಯನ್ನು ಅಳೆದು ಬರೆಯುತ್ತ ಬಂದರು. 1896ರಲ್ಲಿ ನಾನಾಭಾಯಿ ಆರ್ದೇಶಿರ್ ಫ್ರಾಮ್‌ಜಿ ಮೂಸ್ ಅದರ ನಿರ್ದೇಶಕರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಅವರೇ. ಆಗ ಊರಿನಲ್ಲಿ ಕುದುರೆ ಟ್ರಾಮು ಹೋಗಿ ವಿದ್ಯುತ್ ಟ್ರಾಮು ಬರುವ ಮಾತು. ವಿದ್ಯುತ್ ಪ್ರವಾಹ ಹತ್ತಿರದಲ್ಲಿ ಹರಿದರೆ ಅಯಸ್ಕಾಂತದ ಸೂಜಿ ಭೂಮಿಯನ್ನು ಬಿಟ್ಟು ಟ್ರಾಮನ್ನು ಅಳೆಯತೊಡಗುತ್ತದೆ. ಟ್ರಾಮು ಬರಬಾರದೆಂದು ಹಟ ಹಿಡಿಯುವುದು ಸಾಧ್ಯವಿರಲಿಲ್ಲ. ಮೂಸ್ ಅವರು ಸಮುದ್ರದಾಚೆ ಅಲಿಬಾಗಿನಲ್ಲಿ ಜಾಗ ಆರಿಸಿ, ಕಬ್ಬಿಣದ ಸೋಂಕಿಲ್ಲದ ಕಟ್ಟಡ ಕಟ್ಟಿಸಿದರು.

ಇಲ್ಲಿ ಅವರು ಮಾಡಿದ್ದು ನೋಡಿ. 1904ರಲ್ಲಿ ಅಲಿಬಾಗ್ ಆರಂಭವಾದ ಕೂಡಲೇ ಕೊಲಾಬಾಕ್ಕೆ ಬೀಗ ಹಾಕಲಿಲ್ಲ. 1904ರಿಂದ 1906ರವರೆಗೆ ಎರಡೂ ಕಡೆ ಜೊತೆಜೊತೆಯಾಗಿ ಅಳೆದರು. ಹಳೆಯ ಜಾಗದ ಅಂಕಿಗೂ ಹೊಸ ಜಾಗದ ಅಂಕಿಗೂ ಎಷ್ಟು ಅಂತರ ಎಂದು ಆ ಎರಡು ವರ್ಷಗಳಲ್ಲಿ ಗೊತ್ತಾಯಿತು. 1907ರಲ್ಲಿ ವಿದ್ಯುತ್ ಟ್ರಾಮು ಓಡಿತು. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಆದ ಕಾರಣ 1841ರ ಕೊಲಾಬಾದ ಅಂಕಿಯನ್ನೂ ಇಂದಿನ ಅಲಿಬಾಗಿನ ಅಂಕಿಯನ್ನೂ ಒಂದೇ ಸರದಲ್ಲಿ ಪೋಣಿಸಬಹುದು. ಜಗತ್ತಿನಲ್ಲಿ ಇಷ್ಟು ಉದ್ದದ ಸರಗಳು ಕೆಲವೇ. ಟ್ರಾಮು 1964ರಲ್ಲಿ ನಿಂತುಹೋಯಿತು, ಸರ ಮಾತ್ರ ಹರಿಯಲಿಲ್ಲ. ಆ ಎರಡು ವರ್ಷದ ದುಪ್ಪಟ್ಟು ಖರ್ಚಿಗೆ ಯಾರಾದರೂ ಗುಮಾಸ್ತ ಮುಖ ಸಿಂಡರಿಸಿರಲೂಬಹುದು ಎಂದು ನನ್ನ ಊಹೆ. ನನ್ನ ಮಟ್ಟಿಗೆ ಹೇಳುವುದಾದರೆ, ಹೊಸ ಯಂತ್ರ ಬಂದ ದಿನವೇ ಹಳೆಯದನ್ನು ಗುಜರಿಗೆ ಹಾಕುವ ಈಗಿನ ಅವಸರಕ್ಕೆ ಮೂಸ್ ಅವರ ಆ ಎರಡು ವರ್ಷವೇ ಉತ್ತರ.

ಈಚೆಗೂ ಅದೇ ದಾರಿ. 2020ರ ನವೆಂಬರಿನಿಂದ ಕೆಲವು ತಿಂಗಳು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಕಾನಪುರದ ಐ.ಐ.ಟಿ.ಯೂ ಕೂಡಿ ಮುಂಬಯಿ ಪ್ರದೇಶದ 15 ದೊಡ್ಡ ವಾಯುಮಾಪನ ಕೇಂದ್ರಗಳ ಪಕ್ಕದಲ್ಲಿ 40 ಅಗ್ಗದ ಸಂವೇದಕಗಳನ್ನು ಕಟ್ಟಿ ಹೋಲಿಸಿ ನೋಡಿದರು. ಗಾಳಿಯ ಧೂಳು ಅಳೆಯುವ ಸಣ್ಣ ಸಂವೇದಕಗಳಿಗೆ ತೇವದ ಗಾಳಿ ಬಂದರೆ ಕಷ್ಟ; ಕಣಗಳು ನೀರು ಕುಡಿದು ಊದಿಕೊಂಡು ಧೂಳು ಹೆಚ್ಚಿದ ಹಾಗೆ ತೋರುತ್ತದೆ. ಒಣ ಊರಿನಲ್ಲಿ ತಾಳೆ ನೋಡಿದ್ದು ಕಡಲ ತೀರಕ್ಕೆ ಒದಗುವುದಿಲ್ಲ. ಕನ್ಯೆ ನೋಡಿದ ಊರೇ ಬೇರೆ, ಸಂಸಾರ ಹೂಡುವ ಊರೇ ಬೇರೆ.

ಗಡಿಯಾರವೂ ಒಂದು ಸಂವೇದಕವೇ ಎಂಬುದನ್ನು ಮರೆಯಬಾರದು. ಲಾಗರಿನ ಅಗ್ಗದ ಗಡಿಯಾರದ ಚಿಪ್ಪು ದಿನಕ್ಕೆ ಒಂದೆರಡು ಸೆಕೆಂಡು ತಪ್ಪಿದರೆ ವರ್ಷಕ್ಕೆ ಹತ್ತು ನಿಮಿಷ. ಭರತದ ಹೊತ್ತನ್ನೂ ಮಳೆಯ ಹೊತ್ತನ್ನೂ ಜೋಡಿಸಿ ನೋಡುವವನಿಗೆ ಹತ್ತು ನಿಮಿಷ ಸಣ್ಣದಲ್ಲ. ಉಷ್ಣತೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ಚಿಪ್ಪು ಸ್ವಲ್ಪ ದುಬಾರಿ, ಆದರೆ ವರ್ಷಕ್ಕೆ ಒಂದು ನಿಮಿಷದ ಒಳಗೆ ಇರುತ್ತದೆ. ಹಳೆಯ ಕಡತ ತಿರುವುವವರಿಗೆ ಇನ್ನೂ ಒಂದು ಗುಂಡಿ ಇದೆ: 1906ರಲ್ಲಿ ದೇಶಕ್ಕೆಲ್ಲ ಒಂದೇ ವೇಳೆ ಬಂದರೂ ಮುಂಬಯಿ ತನ್ನ ಹಟ ಬಿಡದೆ 39 ನಿಮಿಷ ಹಿಂದಿನ 'ಬಾಂಬೆ ಟೈಮ್' ಅನ್ನು 1955ರವರೆಗೂ ಇಟ್ಟುಕೊಂಡಿತ್ತು. ಹಳೆಯ ದಾಖಲೆಯಲ್ಲಿ 'ಬೆಳಿಗ್ಗೆ 8' ಎಂದಿದ್ದರೆ ಯಾರ ಎಂಟು ಎಂದು ಕೇಳಬೇಕು.

ತಾಳೆಗೆ ಸಿಕ್ಕದ ತೊಂದರೆಗಳೂ ಇವೆ. ಪ್ರಯೋಗಶಾಲೆಯಲ್ಲಿ 159ಕ್ಕೆ 159 ಎಣಿಸಿದ ಮಾಪಕವನ್ನು ಗಚ್ಚಿನ ಮೇಲೆ ಇಟ್ಟ ಮೂರನೇ ದಿನ ಪಾರಿವಾಳ ಬಂದು ಆಲಿಕೆಯ ಅಂಚಿನಲ್ಲಿ ಕೂತು ತನ್ನ ಕಾಣಿಕೆ ಒಪ್ಪಿಸುತ್ತದೆ. ಆಲಿಕೆ ಕಟ್ಟಿಕೊಂಡರೆ ಮಳೆ ಬಂದಾಗ ಸೊನ್ನೆ, ನಿಂತ ಮೇಲೆ ಗಂಟೆಗಟ್ಟಲೆ ಹನಿ. ಅಂಕಿಗಳ ಸಾಲಿನಲ್ಲಿ ಇದು ಜಿನುಗು ಮಳೆಯ ಹಾಗೆಯೇ ಕಾಣುತ್ತದೆ! ಸುತ್ತ ಮೊಳೆ ಹಾಕಿದ ಬಳೆ ಕೂರಿಸಬೇಕು, ವಾರಕ್ಕೊಮ್ಮೆ ಮೇಲೆ ಹತ್ತಿ ನೋಡಬೇಕು. ಜಾಗದ ತೊಂದರೆ ಅದಕ್ಕಿಂತ ದೊಡ್ಡದು. ನಿಯಮದ ಪ್ರಕಾರ ಪಕ್ಕದ ಗೋಡೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ಈ ಊರಿನಲ್ಲಿ ಅಂಥ ಬಯಲು ಎಲ್ಲಿದೆ? ಎತ್ತರದ ಗಚ್ಚಿನ ಮೇಲೆ ಗಾಳಿಯೇ ಹನಿಗಳನ್ನು ಆಲಿಕೆಯ ಬಾಯಿಯಿಂದ ಆಚೆಗೆ ಒಯ್ಯುತ್ತದೆ, ಕೆಳಗೆ ಇಟ್ಟರೆ ಗುಲ್‌ಮೊಹರ್ ಮರದ ಎಲೆ. ಇದಕ್ಕೆ ಸೂತ್ರವಿಲ್ಲ, ಸುತ್ತಲಿನ ಚಿತ್ರ ಬರೆದು, ಯಾವ ದಿಕ್ಕಿಗೆ ಯಾವ ಗೋಡೆ ಎಂದು ಕಡತದಲ್ಲಿ ಸೇರಿಸುವುದಷ್ಟೇ ಉಪಾಯ.

ಕಡತದ ಮಾತು ಬಂದದ್ದರಿಂದ ಒಂದು ವಿಷಯದಲ್ಲಿ ಮಾತ್ರ ನಾನು ಹುಡುಗರ ಮೇಲೆ ಬಿಗಿ. ಲಾಗರಿನ ಒಳಗೇ ತಿದ್ದುಪಡಿ ಮಾಡಿ 'ನಿಜವಾದ ಮಳೆ'ಯನ್ನು ಮಾತ್ರ ಬರೆಯಿಸುವುದು ನನಗೆ ಒಪ್ಪಿಗೆಯಿಲ್ಲ. ಲಾಗರು ಕಂಡದ್ದನ್ನು ಕಂಡ ಹಾಗೆ ಬರೆಯಲಿ: ಇಂಥ ತಾರೀಕು, ಇಂಥ ಗಂಟೆ ನಿಮಿಷ ಸೆಕೆಂಡಿಗೆ ಒಂದು ಮಗುಚು. ತಿದ್ದುಪಡಿ ಬೇರೆ ಕಾಗದದಲ್ಲಿ, ತಾಳೆ ನೋಡಿದ ತಾರೀಕು, ನೋಡಿದವರು, ಎಡ ಬಟ್ಟಲು, ಬಲ ಬಟ್ಟಲು, ಐದು ವೇಗಗಳ ಎಣಿಕೆ ಸಮೇತ. ಮುಂದಿನ ವರ್ಷ ಯಾರಾದರೂ ಇದಕ್ಕಿಂತ ಒಳ್ಳೆಯ ಸೂತ್ರ ತಂದರೆ ಹಳೆಯ ಮಗುಚುಗಳಿಗೆ ಅದನ್ನು ಹಾಕಬಹುದು. ಮೂಲವನ್ನೇ ಅಳಿಸಿ ತಿದ್ದಿದರೆ ಹಳೆಗನ್ನಡದ ಓಲೆಗರಿಯಲ್ಲಿ ಲಿಪಿಕಾರ ತನಗೆ ತೋಚಿದ ಪಾಠ ಸೇರಿಸಿದ ಹಾಗೆ. ಕವಿ ಬರೆದದ್ದೇನೆಂದು ಮತ್ತೆ ಯಾವ ಪಂಡಿತನಿಗೂ ಸಿಗುವುದಿಲ್ಲ. ನಮ್ಮ ಕೂಟದ ಎಂ.ಎ. ಗೆಳೆಯರು ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಓದುವುದೂ ಇದನ್ನೇ ಅಲ್ಲವೇ?

ಜೂನ್ ಮೊದಲ ವಾರದೊಳಗೆ ಮಾಪಕ ಕಾಲೇಜಿನ ಗಚ್ಚಿನ ಮೇಲೆ ಏರುತ್ತದೆ. ಪಕ್ಕದಲ್ಲೇ ಒಂದು ಸಾಮಾನ್ಯ ಮಾಪಕ, ಬಾಟಲಿಯದ್ದು. ಅದನ್ನು ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯಲು ಜನ ಬೇಕು. ರವಿವಾರವೂ ಬೇಕು, ಗಣೇಶ ಚತುರ್ಥಿಯ ದಿನವೂ ಬೇಕು. ಹತ್ತಿರ ಮನೆಯಿರುವ ಕೂಟದ ಸದಸ್ಯರು, ವಿಜ್ಞಾನದವರೇ ಆಗಬೇಕೆಂದಿಲ್ಲ, ನನ್ನಲ್ಲಿ ಹೆಸರು ಕೊಡಬಹುದು. ಸಲೈನ್ ಸೆಟ್ಟು ಯಾರೂ ಕೊಂಡು ತರಬೇಡಿ, ಪ್ರಯೋಗಶಾಲೆಯಲ್ಲಿ ಎರಡಿವೆ.